1983ರ ವಿಡಿಯೋ ಗೇಮ್ ಕುಸಿತ

1983ರ ವಿಡಿಯೋ ಗೇಮ್ ಕುಸಿತವು ಉತ್ತರ ಅಮೆರಿಕದ ಗೃಹಬಳಕೆಯ ವಿಡಿಯೋ ಗೇಮ್ ಉದ್ಯಮವು 1983ರಿಂದ 1985ರವರೆಗೆ ಅನುಭವಿಸಿದ ತೀವ್ರ ಹಿನ್ನಡೆಯಾಗಿದೆ. ಸುಮಾರು 320 ಕೋಟಿ ಡಾಲರ್‌ಗಳಷ್ಟಿದ್ದ ವಾರ್ಷಿಕ ವಹಿವಾಟು ಸುಮಾರು 10 ಕೋಟಿ ಡಾಲರ್‌ಗಳಿಗೆ ಇಳಿಯಿತು. ಜಪಾನಿನಲ್ಲಿ ಇದನ್ನು 'ಅಟಾರಿ ಶಾಕ್' ಎನ್ನುತ್ತಾರೆ.

ಕಾರಣಗಳು

ಅಟಾರಿ ಸಂಸ್ಥೆಯು ಆಟಗಳ ಮೇಲೆ ಅವುಗಳ ರಚನಕಾರರ ಹೆಸರನ್ನು ನಮೂದಿಸುತ್ತಿರಲಿಲ್ಲ. ಇದರಿಂದ ಅಸಮಾಧಾನಗೊಂಡ ಕೆಲವು ಪ್ರೋಗ್ರಾಮರ್‌ಗಳು ಹೊರಬಂದು 1979ರಲ್ಲಿ ಆಕ್ಟಿವಿಷನ್ ಸಂಸ್ಥೆಯನ್ನು ಸ್ಥಾಪಿಸಿ, ಅಟಾರಿ 2600 ಯಂತ್ರಕ್ಕೆ ಸ್ವತಂತ್ರವಾಗಿ ಆಟಗಳನ್ನು ತಯಾರಿಸಿದರು. ಅವರ ಯಶಸ್ಸನ್ನು ಕಂಡು ಅನುಭವವಿಲ್ಲದ ಹಲವು ಸಂಸ್ಥೆಗಳೂ ಈ ಕ್ಷೇತ್ರಕ್ಕೆ ಇಳಿದವು. ಕಳಪೆ ಆಟಗಳನ್ನು ತಡೆಯುವ ವ್ಯವಸ್ಥೆ ಇರಲಿಲ್ಲ. ದಿವಾಳಿಯಾದ ಸಂಸ್ಥೆಗಳಿಗೆ ಸರಕನ್ನು ಹಿಂದಿರುಗಿಸಲಾಗದ ಅಂಗಡಿಗಳು ಅದನ್ನು ಅಗ್ಗದ ಬೆಲೆಗೆ ಮಾರಿದ್ದರಿಂದ, ಪೂರ್ಣ ಬೆಲೆಯ ಉತ್ತಮ ಆಟಗಳ ಮಾರಾಟವೂ ಕುಗ್ಗಿತು. ಸುಮಾರು ಐದು ವಾರಗಳಲ್ಲಿ ಸಿದ್ಧಪಡಿಸಲಾದ 'ಇ.ಟಿ.' (1982) ಆಟದ ಅಸಂಖ್ಯ ಪ್ರತಿಗಳು ಮಾರಾಟವಾಗದೆ ಉಳಿದವು. ಕಮೊಡೋರ್ 64ರಂತಹ ಗೃಹ ಗಣಕಯಂತ್ರಗಳ ಬೆಲೆ ಇಳಿಕೆಯೂ ಗ್ರಾಹಕರನ್ನು ಸೆಳೆಯಿತು.

ಪರಿಣಾಮಗಳು

1983ರಲ್ಲಿ ಅಟಾರಿಯು ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೋರ್ಡೊದಲ್ಲಿ ಹೂಳಿತು. 2014ರ ಉತ್ಖನನವು ಇದನ್ನು ದೃಢಪಡಿಸಿತು. 1985ರಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿದ ನಿಂಟೆಂಡೊ, ಅನುಮತಿಯಿಲ್ಲದ ಆಟಗಳನ್ನು ತಡೆಯುವ ಚಿಪ್ಪನ್ನು ತನ್ನ ಯಂತ್ರದಲ್ಲಿ ಅಳವಡಿಸಿತು. ಇದರಿಂದ ಉದ್ಯಮವು ಚೇತರಿಸಿಕೊಂಡರೂ, ಯಾವ ಆಟ ಮಾರುಕಟ್ಟೆಗೆ ಬರಬೇಕೆಂಬ ನಿರ್ಧಾರವು ಯಂತ್ರ ತಯಾರಕರ ಕೈಸೇರಿತು. ಈ ಪರವಾನಗಿ ಪದ್ಧತಿಯು ಇಂದಿನ ಗೇಮ್ ಕನ್ಸೋಲ್‌ಗಳಲ್ಲಿಯೂ ಮುಂದುವರಿದಿದೆ.