ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ ಮೇಲೆ ಇಂಟರ್‌ನೆಟ್ ಬರದಿದ್ದರೆ?

ನಿಮ್ಮ ಮನೆಯಲ್ಲಿ ಎಂಟು-ಹತ್ತು ವರ್ಷ ಹಳೆಯ ಕಂಪ್ಯೂಟರ್ ಇದೆಯೇ? ಹಾಗಿದ್ದರೆ ಈ ಸಂಗತಿ ನಿಮಗೆ ತಿಳಿದಿರಲಿ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಆ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳನ್ನು ಸರಿಪಡಿಸುವ ಸಾಮಾನ್ಯ ವ್ಯವಸ್ಥೆ ನಿಂತಿತು. ಹೆಚ್ಚುವರಿ ಅವಧಿಯ ಯೋಜನೆಯೊಂದನ್ನು ಕಂಪೆನಿ ಪ್ರಕಟಿಸಿತಾದರೂ ಅದು ತಾತ್ಕಾಲಿಕ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಹೆಚ್ಚಿನ ಪ್ರೊಸೆಸರ್‌ಗಳನ್ನು ಅದು ಒಪ್ಪುವುದಿಲ್ಲ.

ಹಾಗಾದರೆ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕೇ? ಬೇಕಿಲ್ಲ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಹಳೆಯ ಯಂತ್ರಗಳಿಗೆ ಆಸರೆಯಾಗಿದೆ. ಅದನ್ನು ಆಧರಿಸಿದ ಉಬುಂಟು 2004ರಲ್ಲಿ, ಲಿನಕ್ಸ್ ಮಿಂಟ್ 2006ರಲ್ಲಿ ಬಂದವು. ಎರಡೂ ಉಚಿತ. ನಮ್ಮ ನೆರೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ಕೇರಳದ ಶಾಲೆಗಳು ಅದನ್ನು ಬಹಳ ವರ್ಷಗಳಿಂದ ಬಳಸುತ್ತಿವೆ.

ಆದರೆ ಮನೆಯಲ್ಲಿ ಲಿನಕ್ಸ್ ಹಾಕಿದವರಲ್ಲಿ ಕೆಲವರು ಮೊದಲ ದಿನವೇ ಎಡವುತ್ತಾರೆ. ತೆರೆ ಮೂಡುತ್ತದೆ, ಮೌಸ್ ಓಡುತ್ತದೆ, ಆದರೆ ವೈಫೈ ಚಿಹ್ನೆಯೇ ಕಾಣುವುದಿಲ್ಲ. ಮಗಳ ಅರ್ಜಿ ತುಂಬಲು ನಾಳೆ ಕೊನೆಯ ದಿನ. ಗಲ್ಫ್‌ನಲ್ಲಿರುವ ಅಣ್ಣ ವೀಡಿಯೊ ಕರೆ ಮಾಡುವ ಹೊತ್ತು. "ಇದ್ದದ್ದನ್ನೂ ಹಾಳು ಮಾಡಿದೆ" ಎಂದು ಮನೆಯವರೆಲ್ಲ ಹುಡುಗನ ಮೇಲೆ ರೇಗುತ್ತಾರೆ. ವಾಸ್ತವದಲ್ಲಿ ಏನೂ ಹಾಳಾಗಿರುವುದಿಲ್ಲ.

ಹೀಗೇಕೆ ಆಗುತ್ತದೆ?

ಕಂಪ್ಯೂಟರಿನೊಳಗಿನ ವೈಫೈ ಚಿಪ್ ತಾನಾಗಿ ಕೆಲಸ ಮಾಡದು. ಅದರ ಭಾಷೆಯನ್ನು ಆಪರೇಟಿಂಗ್ ಸಿಸ್ಟಂಗೆ ತಿಳಿಸುವ ದುಭಾಷಿಯೊಬ್ಬ ಬೇಕು. ಅದೇ ಡ್ರೈವರ್. ವಿಂಡೋಸ್ ಅಳಿಸಿದಾಗ ಅದರ ಡ್ರೈವರ್‌ಗಳೂ ಹೋಗುತ್ತವೆ. ಇಂಟೆಲ್‌ನ ಹೆಚ್ಚಿನ ವೈಫೈ ಚಿಪ್‌ಗಳಿಗೆ ಬೇಕಾದದ್ದು ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ. ಬ್ರಾಡ್‌ಕಾಮ್‌ನ ಹಲವು ಚಿಪ್‌ಗಳಿಗೆ ಮತ್ತು ರಿಯಲ್‌ಟೆಕ್‌ನ ಕೆಲವಕ್ಕೆ ಅದನ್ನು ಬೇರೆಯಾಗಿ ಹಾಕಬೇಕಾಗುತ್ತದೆ.

ತೊಡಕಿರುವುದು ಇಲ್ಲೇ. ಡ್ರೈವರ್ ಬೇಕಾದರೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬೇಕಾದರೆ ಡ್ರೈವರ್ ಬೇಕು! ಕೀಲಿಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಹಾಕಿಕೊಂಡಂತೆ. ಆದ್ದರಿಂದ ಮುಂಬಾಗಿಲಿನ ಜೊತೆಗೆ ಹಿಂಬಾಗಿಲೊಂದನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.

ಅಳಿಸುವ ಮೊದಲು

ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿದರೆ, ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ ನೋಡಬಹುದು. ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಕಡತಗಳು ಅಳಿಸಿಹೋಗುತ್ತವೆ, ಖಾಲಿ ಇರುವುದನ್ನೇ ಬಳಸಿ. ನೀವಾಗಿ ‘ಇನ್‌ಸ್ಟಾಲ್’ ಒತ್ತಿ ಮುಂದುವರಿಯದಿದ್ದರೆ ನಿಮ್ಮ ವಿಂಡೋಸ್‌ಗೆ ಏನೂ ಆಗದು. ಈ ಪರೀಕ್ಷೆಯಲ್ಲೇ ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಎಲ್ಲವನ್ನೂ ನೋಡಿಬಿಡಿ. ಇಲ್ಲಿ ವೈಫೈ ಬಂದರೆ ಹಾಕಿದ ಮೇಲೂ ಸಾಮಾನ್ಯವಾಗಿ ಬರುತ್ತದೆ.

ಇನ್ನೂ ಮೂರು ಕೆಲಸಗಳಿವೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಎಂಬಲ್ಲಿ ಕಾಣುವ ಚಿಪ್‌ನ ಹೆಸರನ್ನು ಬರೆದುಕೊಳ್ಳಿ. ವೈಫೈ ಪಾಸ್‌ವರ್ಡನ್ನೂ ಬರೆದಿಡಿ. ಎಲ್ಲಕ್ಕಿಂತ ಮುಖ್ಯವಾಗಿ ಮದುವೆಯ ಫೋಟೋಗಳು, ಅಂಕಪಟ್ಟಿ, ಜಮೀನಿನ ದಾಖಲೆಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಅಲ್ಲಿಂದ ತೆರೆದು ನೋಡಿ. ಇಂಟರ್‌ನೆಟ್ ಇಂದಲ್ಲ ನಾಳೆ ಬರುತ್ತದೆ, ಅಳಿಸಿಹೋದ ಫೋಟೋ ಬಾರದು.

ಹಾಕಿದ ಮೇಲೂ ಬರದಿದ್ದರೆ

ಮೊದಲು ಸುಲಭದ್ದನ್ನು ನೋಡಿ. ಏರ್‌ಪ್ಲೇನ್ ಮೋಡ್ ಆನ್ ಆಗಿದೆಯೇ? ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬದಿಯಲ್ಲಿ ವೈಫೈಗೆಂದೇ ಪುಟ್ಟ ಸ್ವಿಚ್ ಇರುತ್ತದೆ, ಕೆಲವಕ್ಕೆ ಕೀಬೋರ್ಡ್‌ನಲ್ಲಿ ಗುಂಡಿ ಇರುತ್ತದೆ. ವಿಂಡೋಸನ್ನೂ ಉಳಿಸಿಕೊಂಡವರು ಅದರ ‘ಫಾಸ್ಟ್ ಸ್ಟಾರ್ಟಪ್’ ನಿಲ್ಲಿಸಬೇಕು. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ರೆಯಲ್ಲಿಡುತ್ತದೆ. ಆಗ ವೈಫೈ ಚಿಪ್ ಲಿನಕ್ಸ್‌ನ ಕೈಗೆ ಸಿಗದಿರಬಹುದು.

ಇದರಿಂದಲೂ ಆಗದಿದ್ದರೆ ಹಿಂಬಾಗಿಲಿಗೆ ಬನ್ನಿ. ರೌಟರ್‌ನಿಂದ ಕಂಪ್ಯೂಟರ್‌ಗೆ ನೇರವಾಗಿ ಲ್ಯಾನ್ ಕೇಬಲ್ ಜೋಡಿಸಿ. ಸಾಮಾನ್ಯವಾಗಿ ಇದು ಕೂಡಲೇ ಕೆಲಸ ಮಾಡುತ್ತದೆ. ಕೇಬಲ್ ಇಲ್ಲವೇ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಫೋನ್‌ನ ಹಾಟ್‌ಸ್ಪಾಟ್ ವಿಭಾಗದಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ಜಾಲವೆಂದೇ ತಿಳಿದು ಒಪ್ಪಿಕೊಳ್ಳುತ್ತದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಆ ವೈಫೈಯೇ ಕಂಪ್ಯೂಟರ್‌ಗೂ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗದು. ಚಾರ್ಜಿಂಗ್‌ಗೆ ಮಾತ್ರ ಬರುವ ಅಗ್ಗದ ತಂತಿಯಲ್ಲಿ ಇದು ಆಗುವುದಿಲ್ಲ ಎಂಬುದು ನೆನಪಿರಲಿ.

ಒಳಗೆ ಬಂದಿರಲ್ಲ, ಇನ್ನು ಮೆನುವಿನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ಉಬುಂಟುವಿನಲ್ಲಿ ಇದರ ಹೆಸರು ‘ಅಡಿಷನಲ್ ಡ್ರೈವರ್ಸ್’. ವೈಫೈಗೆ ಸೂಚಿಸಿದ್ದನ್ನು ಆರಿಸಿ, ಯಂತ್ರವನ್ನು ಮತ್ತೊಮ್ಮೆ ಚಾಲೂ ಮಾಡಿ. ‘ಸೆಕ್ಯೂರ್ ಬೂಟ್’ ಇರುವ ಯಂತ್ರದಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮರುಚಾಲನೆಯಲ್ಲಿ ನೀಲಿ ತೆರೆಯೊಂದು ಬರಬಹುದು. ಗಾಬರಿಯಾಗಬೇಡಿ. ‘ಎನ್‌ರೋಲ್ ಎಂಓಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಸಾಕು. ಅದನ್ನು ಬಿಟ್ಟು ಮುಂದೆ ಹೋದರೆ ಡ್ರೈವರ್ ಇದ್ದೂ ಕೆಲಸ ಮಾಡದು.

ಜಾಲ ಸೇರಿದರೂ ಪುಟ ತೆರೆಯದಿದ್ದರೆ

ವೈಫೈ ಸೇರಿದೆ, ಆದರೆ ಬ್ಯಾಂಕಿನ ಪುಟ ತೆರೆದರೆ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆಯೇ? ಮೊದಲು ಕಂಪ್ಯೂಟರಿನ ತಾರೀಕು ನೋಡಿ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ನಾಣ್ಯದಂತಹ ಸೆಲ್ ಸತ್ತುಹೋಗಿ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ಪುಟಗಳ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ ತಾರೀಕು ತಪ್ಪಿದ್ದರೆ ಬ್ರೌಸರ್ ಒಪ್ಪುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿರುವುದು ಸಿಆರ್ 2032 ಎಂಬ ಸೆಲ್, ಬೆಲೆಯೂ ಅಲ್ಪ. ತಾರೀಕು ಸರಿಯಿದ್ದೂ ಎಚ್ಚರಿಕೆ ಬಂದರೆ ಮಾತ್ರ ಮುಂದುವರಿಯಬೇಡಿ.

ಕೆಲವು ಮನೆಗಳಲ್ಲಿ ಬ್ರಾಡ್‌ಬ್ಯಾಂಡ್‌ನ ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ರೌಟರ್‌ನಲ್ಲಿರದೆ ಕಂಪ್ಯೂಟರ್‌ನಲ್ಲೇ ಇರುತ್ತದೆ. ಅಂಥವರು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಡಿಎಸ್‌ಎಲ್ ಅಥವಾ ಪಿಪಿಪಿಓಇ’ ಎಂಬ ಹೊಸ ಸಂಪರ್ಕ ಸೇರಿಸಿ ಅದನ್ನು ತುಂಬಬೇಕು. ವಿಂಡೋಸ್ ಅಳಿಸಿದ ಮೇಲೆ ಅದು ನೆನಪಿಗೆ ಬಾರದಿದ್ದರೆ ಸೇವೆ ನೀಡುವವರನ್ನೇ ಕೇಳಬೇಕಾಗುತ್ತದೆ.

ಚಿಕ್ಕ ಮಕ್ಕಳಿರುವ ಮನೆಯವರು ಇದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಉಪಯುಕ್ತ ಕೆಲಸ ಮಾಡಬಹುದು. ಡಿಎನ್‌ಎಸ್ ಎಂಬಲ್ಲಿ ಸ್ವಯಂಚಾಲಿತವಾಗಿ ಬರುವುದನ್ನು ನಿಲ್ಲಿಸಿ 1.1.1.3 ಮತ್ತು 1.0.0.3 ಎಂದು ಕೊಟ್ಟರೆ ಅಶ್ಲೀಲ ತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ಬಹುಮಟ್ಟಿಗೆ ತಡೆಯಬಹುದು. ಇದು ಕ್ಲೌಡ್‌ಫ್ಲೇರ್ ಕಂಪೆನಿ 2020ರಲ್ಲಿ ಆರಂಭಿಸಿದ ಉಚಿತ ಸೇವೆ. ಹಾಗೆಂದು ಇದೊಂದನ್ನೇ ನಂಬಿ ಮಕ್ಕಳನ್ನು ಕಂಪ್ಯೂಟರ್ ಮುಂದೆ ಬಿಟ್ಟುಬಿಡುವಂತಿಲ್ಲ. ಕಂಪ್ಯೂಟರ್ ಹಜಾರದಲ್ಲಿರಲಿ, ದೊಡ್ಡವರ ಕಣ್ಣು ಅದರ ಮೇಲಿರಲಿ.

ಎಲ್ಲರೂ ಬದಲಾಯಿಸಬೇಕೇ?

ಇಲ್ಲ. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರು, ಫೋಟೋಶಾಪ್‌ನಲ್ಲಿ ದುಡಿಯುವವರು ಅವಸರ ಮಾಡಬಾರದು. ಅವು ಲಿನಕ್ಸ್‌ಗಾಗಿ ಮಾಡಿದ ತಂತ್ರಾಂಶಗಳಲ್ಲ. ಆದರೆ ಪತ್ರ ಬರೆಯುವುದು, ಪಾಠ ಕೇಳುವುದು, ಅರ್ಜಿ ತುಂಬುವುದು, ದೂರದವರೊಡನೆ ಮಾತಾಡುವುದು ಇಷ್ಟೇ ನಿಮ್ಮ ಬಳಕೆಯಾದರೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ನಿಮ್ಮ ಕೈಹಿಡಿಯಬಲ್ಲದು.

ಪರೀಕ್ಷೆಯ ಹಿಂದಿನ ದಿನ, ಅರ್ಜಿಯ ಕೊನೆಯ ದಿನ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ರಜೆಯ ದಿನ ಬೆಳಿಗ್ಗೆ ಒಂದು ಲ್ಯಾನ್ ಕೇಬಲ್ ಅಥವಾ ಆಂಡ್ರಾಯ್ಡ್ ಫೋನ್ ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರೂ ಕಲಿಯಲಿ.