ಭಾರ್ಗವಿಯ ದಡದಲ್ಲಿ ಸಂಪಿಗೆ, ಬೆಟ್ಟದ ನೆತ್ತಿಯಲ್ಲಿ ಹುಲ್ಲು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು ೨೪ ಕಿಲೋಮೀಟರು. ಯಾತ್ರಿಕರಲ್ಲಿ ಬಹುಮಂದಿ ರಂಗನಾಥನ ದರ್ಶನ ಮುಗಿಸಿ, ಬಂಡೆಯಂಚಿನ ತಂಗಾಳಿಗೆ ಮೈಯೊಡ್ಡಿ ಇಳಿದುಬಿಡುತ್ತಾರೆ. ಈ ಗಿರಿಶ್ರೇಣಿಯ ಇನ್ನೊಂದು ಸನ್ನಿಧಿ ಇರುವುದು ಕಾಡಿನೊಳಗೆ, ಭಾರ್ಗವಿ ನದಿಯ ದಡದಲ್ಲಿ. ಶತಮಾನಗಳನ್ನು ಕಂಡ ದೊಡ್ಡ ಸಂಪಿಗೆ ಮರವೇ ಅಲ್ಲಿಯ ದೇವರು. ಬುಡದಲ್ಲಿ ಸಾಲುಗೂಡಿದ ಕಲ್ಲುಗಳುಂಟು, ಗೋಪುರವಿಲ್ಲ, ಪ್ರಾಕಾರವಿಲ್ಲ. ಸೋಲಿಗರು ತಲೆತಲಾಂತರದಿಂದ ಪೂಜಿಸುತ್ತ ಬಂದಿರುವ ತಾಣವಿದು. ಬೆಟ್ಟದ ರಂಗನಾದರೋ ಅವರಿಗೆ ಸಾಕ್ಷಾತ್ ಭಾವ. ಅವರ ಕುಲದ ಕುಸುಮಾಲೆಯನ್ನು ಕೈಹಿಡಿದವನಲ್ಲವೆ!

ಕಣಿವೆಯಿಂದ ಎತ್ತರದ ಶಿಖರಗಳೆಡೆಗೆ ನಡೆದಂತೆ ದಟ್ಟವಾದ ಶೋಲಾ ಕಾಡು ಥಟ್ಟನೆ ಮುಗಿದು, ವಿಶಾಲವಾದ ಹುಲ್ಲುಗಾವಲು ಕಣ್ಣೆದುರು ತೆರೆದುಕೊಳ್ಳುತ್ತದೆ. ಕಾಟಿ, ಕಡವೆಗಳಿಗೆ ಅದೇ ಅನ್ನದ ಬಟ್ಟಲು. ಪ್ರಕೃತಿ ತಾನಾಗಿಯೇ ಹಾಸಿದ ಹಸುರುಗಂಬಳಿಯೆಂದು ನಾವು ಭಾವಿಸುತ್ತೇವೆ. ಪೋಡುಗಳ ಹಿರಿಯರನ್ನು ಕೇಳಿದರೆ ಕಥೆ ಬೇರೆ. ಜನವರಿ, ಫೆಬ್ರವರಿಯ ಹೊತ್ತಿಗೆ, ತರಗೆಲೆ ಪೂರ್ಣವಾಗಿ ಒಣಗುವ ಮೊದಲೇ, ಅವರ ಪೂರ್ವಿಕರು ಸಣ್ಣ ಉರಿ ಹಚ್ಚುತ್ತಿದ್ದರು. ಅದಕ್ಕೆ 'ತರಗು ಬೆಂಕಿ' ಎಂದು ಹೆಸರು. ಹಳೆಯ ಹುಲ್ಲು ಸುಟ್ಟು ಹೊಸ ಚಿಗುರು ಬರುತ್ತಿತ್ತು. ಪೊದೆಯ ಸಸಿಗಳು ತಲೆಯೆತ್ತುತ್ತಿರಲಿಲ್ಲ. ನೆಲ್ಲಿಮರದ ರಸ ಹೀರುವ 'ಉಪ್ಪಿಲು' ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು.

೧೯೭೪ರಲ್ಲಿ ಇದು ವನ್ಯಜೀವಿಧಾಮವಾಯಿತು. ಬೇಟೆಯೂ ಬೇಸಾಯವೂ ನಿಂತವು, ಅನೇಕ ಪೋಡುಗಳು ಕಾಡಿನ ಒಡಲಿನಿಂದ ಹೊರಬಂದವು, ಬೆಂಕಿ ಅಪರಾಧವೆನಿಸಿತು. ಪ್ರಾಣಿಗಳಿಗೆ ಅಭಯ ದೊರೆತದ್ದು ನಿಜ. ಆದರೆ ಅಮೆರಿಕ ಖಂಡದಿಂದ ಬಂದ ಲಂಟಾನ ಇಂದು ಕಾಡಿನ ಬಹುಭಾಗವನ್ನು ಆಕ್ರಮಿಸಿದೆ. ಅದರ ಮುಳ್ಳುಪೊದೆಯ ಕೆಳಗೆ ಹುಲ್ಲಿಗೆ ಬದುಕಿಲ್ಲ. ಕಡುಬೇಸಗೆಯಲ್ಲಿ ಕಿಡಿ ತಗುಲಿದರೆ ಉರಿ ಮರದ ತುದಿಗೇರುತ್ತದೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಇದೇ ಲಂಟಾನದ ಕಡ್ಡಿಗಳಿಂದ ಸೋಲಿಗರು ಬುಟ್ಟಿ, ಪೀಠೋಪಕರಣಗಳನ್ನು ಹೆಣೆಯುತ್ತಾರೆ. ಶತ್ರುವಿನಿಂದಲೂ ಗಂಜಿ ಗಳಿಸುವ ಜಾಣ್ಮೆಯದು. ಆದರೆ ಕಾಡೆಲ್ಲವನ್ನೂ ಬುಟ್ಟಿಯಾಗಿಸಲು ಸಾಧ್ಯವೆ?

೨೦೧೧ರ ಆರಂಭದಲ್ಲಿ ಈ ಪ್ರದೇಶ ಹುಲಿಧಾಮವಾಯಿತು. ಅದೇ ವರ್ಷ, ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯನ್ವಯ, ಸೋಲಿಗರ ಸಾಮುದಾಯಿಕ ಹಕ್ಕುಗಳಿಗೂ ಮಾನ್ಯತೆ ದೊರೆಯಿತು. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಹಕ್ಕು ಕೈಗೆ ಬಂದಿದೆ. ತರಗು ಬೆಂಕಿಯ ತಿಳಿವಳಿಕೆ ಮಾತ್ರ ಮುದುಕರ ನೆನಪಿನಲ್ಲಿ ಉಳಿದಿದೆ.

ಅಲ್ಲಿಗೆ ಹೋಗಬಯಸುವ ವಾಚಕರು ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಹೋದಾಗ ಹುಲಿಯನ್ನು ಮಾತ್ರ ಅರಸದೆ ಕಾಲಕೆಳಗಿನ ಹುಲ್ಲನ್ನೂ ಒಮ್ಮೆ ನೋಡಲಿ. ಅದನ್ನು ಬೆಳೆಸಿದ್ದು ಮಳೆಯೊಂದೇ ಅಲ್ಲ, ಮನುಷ್ಯನ ಕೈಯೂ ಹೌದು. ಆ ಹಿರಿಯರು ಕಣ್ಮುಚ್ಚುವ ಮುನ್ನ ಅವರ ಮಾತನ್ನು ಕೇಳಿಕೊಳ್ಳದಿದ್ದರೆ, ನಾಳೆ ಹುಲ್ಲುಗಾವಲು ಎಂಬುದು ನಕ್ಷೆಯ ಮೇಲಿನ ಹೆಸರಾಗಿ ಮಾತ್ರ ಉಳಿದೀತು.