ನಿಮಗಿದು ಗೊತ್ತೆ? ದುಬಾರಿ ಮೈಕಿಗಿಂತ ಹತ್ತಿರದ ಮೈಕೇ ಮೇಲು

ಬಾಯಿಂದ ನಾಲ್ಕು ಗೇಣು ದೂರದ ಮೈಕನ್ನು ಒಂದು ಗೇಣಿಗೆ ತಂದರೆ ಅದಕ್ಕೆ ನೇರವಾಗಿ ತಲುಪುವ ದನಿಯ ತೀವ್ರತೆ 16 ಪಟ್ಟಾಗುತ್ತದೆ. ದೂರ ಅರ್ಧವಾದಂತೆಲ್ಲ ತೀವ್ರತೆ 4 ಪಟ್ಟಾಗುವುದು ಭೌತಶಾಸ್ತ್ರದ ಲೆಕ್ಕ. ಫ್ಯಾನಿನ ಸದ್ದು, ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಈ ಲೆಕ್ಕ ಮುಖ್ಯ. ಅಲ್ಲಿನ ಪರಸಿ ಕಲ್ಲಿನ ನೆಲ ಸದ್ದನ್ನು ಹೀರುವುದಿಲ್ಲ, ವಾಪಸು ಎಸೆಯುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಆರಿಸಿ ಆನ್‌ಲೈನ್ ಮೀಟಿಂಗಿಗೆ ಕೂರಿ ಎನ್ನುವುದಂತೂ ಆಗದ ಮಾತು. ಹಾಗಾಗಿ ಮೇಜಿನ ಆ ತುದಿಯಲ್ಲಿಟ್ಟ ದುಬಾರಿ ಸ್ಟುಡಿಯೊ ಮೈಕಿಗಿಂತ ಅಂಗಿಗೆ ಸಿಕ್ಕಿಸುವ ಅಗ್ಗದ ಕಾಲರ್ ಮೈಕ್ ಎಷ್ಟೋ ಸಲ ಗೆಲ್ಲುತ್ತದೆ.

ಸದ್ದು ಅಳಿಸುವ ತಂತ್ರಾಂಶ ಇದೆಯಲ್ಲ ಎನ್ನಬಹುದು. ಇದೆ. ಆದರೆ ‘ಸ’, ‘ಶ’ಗಳ ಸುಯ್ಯೆನ್ನುವ ದನಿಗೂ ಫ್ಯಾನಿನ ಗಾಳಿ ಸದ್ದಿಗೂ ಹೋಲಿಕೆ ಹೆಚ್ಚು. ಗಾಳಿ ಸದ್ದು ಅಳಿಸಲು ಹೋಗಿ ತಂತ್ರಾಂಶ ಕೆಲವೊಮ್ಮೆ ಅಕ್ಷರವನ್ನೂ ಸವೆಸುತ್ತದೆ. ಮೀಟಿಂಗಿನಲ್ಲಿ ಕೇಳುವವರು ಊಹಿಸಿಕೊಂಡಾರು. ಧ್ವನಿ ಟೈಪಿಂಗ್ ಬೇರೇನೋ ಬರೆದುಬಿಡುತ್ತದೆ. ಮೈಕ್ ಹತ್ತಿರ ತಂದರೆ ‘ಪ’, ‘ಬ’ಗಳು ಢಬ್ ಎನ್ನುತ್ತವೆ ಎಂಬ ದೂರು ನಿಜವೇ. ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಪಕ್ಕಕ್ಕೆ ಸರಿಸಿದರೆ ಉಸಿರು ಅದಕ್ಕೆ ಬಡಿಯದು.